8ನೇ ಕ್ಲಾಸಿನ ಮಗಳಿಗಿ ಕಣ್ಣು ಕಮ್ಮಿ, ಓದಾಕ ಏನು ತಗೋಬೇಕು? ಗೊತ್ತಿದ್ದೋರು ಹೇಳ್ರಿ

ಸಿಂಧನೂರು ಕಾಲುವೆ ದಂಡಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮಗಳು ಈ ವರ್ಷ 8ನೇ ಕ್ಲಾಸು, ಸಿಂಧನೂರಿಂದ ಒಳಗಿರೋ ಹಳ್ಳಿ, ಸರ್ಕಾರಿ ಹೈಸ್ಕೂಲು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಡಾಕ್ಟ್ರು ಬರದುಕೊಟ್ಟಾರ. ರಾತ್ರಿ ಏನೂ ಕಾಣಂಗಿಲ್ಲ, ಹಗಲಿನ್ಯಾಗ ನಟ್ಟನಡುವಿಂದಷ್ಟ ಕಾಣ್ತದ, ಬಾಜೂಕಿಂದು ಕಾಣಂಗಿಲ್ಲ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡ್ಸೀವಿ. ಇಷ್ಟು ದಿನ ಪುಸ್ತಕ ಮೂಗಿಗಿ ಹಿಡ್ಕಂಡು ಹೆಂಗೋ ಓದ್ತಿದ್ಳು, ಈಗ ಪುಸ್ತಕ ದಪ್ಪ ಆಗ್ಯಾವ ಅಕ್ಷರ ಸಣ್ಣ ಆಗ್ಯಾವ, ಒಂದು ಪುಟ ಮುಗಿಯೋದ್ರಾಗ ತಲಿನೋವು ಅಂತ ಮಕ್ಕಂಬಿಡ್ತಾಳ. ಒಬ್ರು ಬಂದು ಒಂದು ಮಷೀನ್ ಕನ್ನಡಕ ತೋರ್ಸಿದ್ರು, ಹಾಕ್ಕಂಡ್ರ ಪುಸ್ತಕ ತಾನೇ ಓದಿ ಕಿವ್ಯಾಗ ಹೇಳ್ತದಂತ. ರೇಟ್ ಕೇಳಿದ್ರ ಎರಡು ಎಮ್ಮಿ ಮಾರಬೇಕು. ಮಾರಾಕೂ ತಯಾರದೀನಿ, ಆದ್ರ ಕನ್ನಡ ಪಾಠ ಓದ್ತದೇನು ಅಂದ್ರ "ಮುಂದ ಅಪ್‌ಡೇಟ್ ಬರ್ತದ್ರಿ" ಅಂದ್ರು. ತಗೋಬೇಕೋ ಬ್ಯಾಡೋ?

ಬಳ್ಳಾರಿ ಕೋಟೆ:
ಅಣ್ಣಾ, ಮೊದ್ಲು ಎಮ್ಮೆ ಹಟ್ಟಿಯಾಗೇ ಇರ್ಲಿ. ನನಗೆ ಹುಟ್ಟಿದಾಗಿಂದ ಕಣ್ಣಿಲ್ಲ, ಬ್ಯಾಂಕ್ನಾಗೆ ಕೆಲ್ಸ ಮಾಡ್ತೀನಿ, ನಿಮ್ಮ ಪೋಸ್ಟು ಫೋನೇ ಓದಿ ಹೇಳ್ತು, ಉತ್ತರ ನಾನೇ ಟೈಪ್ ಮಾಡ್ತಿದೀನಿ. ಮನೆಯಾಗೆ ಆಂಡ್ರಾಯ್ಡ್ ಫೋನ್ ಇರುತ್ತಲ್ಲ, ಸೆಟ್ಟಿಂಗ್ಸ್ ಒಳಗೆ ಆ್ಯಕ್ಸೆಸಿಬಿಲಿಟಿ ಅಂತ ಐತೆ. ಅದ್ರಾಗೆ ಎರಡು ನೋಡ್ರಿ. ಒಂದು ಟಾಕ್‌ಬ್ಯಾಕ್, ಇದು ನಮ್ಮಂಥ ಪೂರ್ತಿ ಕಾಣದೋರಿಗೆ, ಆನ್ ಮಾಡಿದ ತಕ್ಷಣ ಫೋನಿನ ನಡತೆನೇ ಬದಲಾಗುತ್ತೆ, ಒಂದ್ಸಲ ಮುಟ್ಟಿದ್ರೆ ಹೆಸರು ಹೇಳುತ್ತೆ, ಎರಡ್ಸಲ ತಟ್ಟಿದ್ರೇನೇ ತೆರೆಯೋದು, ಗೊತ್ತಿಲ್ಲದೋರು ಫೋನ್ ಕೆಟ್ಟೋಯ್ತು ಅಂತ ರಿಪೇರಿ ಅಂಗಡಿಗೆ ಒಯ್ದುಬಿಡ್ತಾರೆ. ಇನ್ನೊಂದು ಸೆಲೆಕ್ಟ್ ಟು ಸ್ಪೀಕ್. ನಿಮ್ಮ ಮಗಳಿಗೆ ನಡುವಿಂದು ಕಾಣುತ್ತೆ ಅಂದ್ರಲ್ಲ, ಅವಳಿಗೆ ಸದ್ಯ ಇದೇ ಸರಿ, ಯಾವ ಸಾಲು ಬೇಕೋ ಅದನ್ನ ಮುಟ್ಟಿದ್ರೆ ಅಷ್ಟೇ ಓದುತ್ತೆ, ಉಳಿದ ಫೋನ್ ಇದ್ದಂಗೇ ಇರುತ್ತೆ. ಗೂಗಲ್‌ನ ಕನ್ನಡ ದನಿ ಡೌನ್‌ಲೋಡ್ ಮಾಡಿ ಇಟ್ಕಳ್ರಿ, ಆಮೇಲೆ ನೆಟ್ ಇಲ್ದಿದ್ರೂ ಓದುತ್ತೆ. ಇದ್ಯಾವುದಕ್ಕೂ ಒಂದು ರೂಪಾಯಿ ಇಲ್ಲ.

ಕಂಪ್ಯೂಟರ್ ಸಿಕ್ರೆ ಎನ್‌ವಿಡಿಎ ಹಾಕ್ರಿ, ಪರದೆ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರು, ಇಂಥದಕ್ಕೆ ಸ್ಕ್ರೀನ್ ರೀಡರ್ ಅಂತಾರೆ. ಮೈಕೆಲ್ ಕರ್ರನ್ ಅಂತ ಆಸ್ಟ್ರೇಲಿಯಾದೋನು, ಅವನಿಗೂ ಕಣ್ಣು ಕಾಣಲ್ಲ, ದುಡ್ಡು ಕೊಟ್ಟು ಸ್ಕ್ರೀನ್ ರೀಡರ್ ಯಾಕೆ ತಗಬೇಕು ಅಂತ 2006ರಾಗೆ ಬರೆಯಾಕೆ ಕುಂತಿದ್ದು. ಫ್ರೀ. ಕನ್ನಡನೂ ಓದುತ್ತೆ, ಜೊತೆಗೆ ಬರೋ ಇ-ಸ್ಪೀಕ್ ದನಿ ಮಾತ್ರ ಮೊದಮೊದ್ಲು ರೋಬೋಟ್ ಮೂಗಿನಾಗೆ ಮಾತಾಡ್ದಂಗಿರುತ್ತೆ, ಅಭ್ಯಾಸ ಆದ್ಮೇಲೆ ಅದನ್ನೇ ಎರಡರಷ್ಟು ಸ್ಪೀಡ್‌ನಾಗೆ ಕೇಳ್ತೀವಿ.

ಕುಷ್ಟಗಿ ಸಾಲಿ ಮೇಷ್ಟ್ರು:
ಅಣ್ಣಾರ, ಮಷೀನಿಗೂ ಮೊದ್ಲ ಒಂದು ಮಾತು. ಈ ರೆಟಿನೈಟಿಸ್ ಪಿಗ್ಮೆಂಟೋಸಾ (ಆರ್‌ಪಿ) ಇರೋ ಮಕ್ಕಳಿಗೆ ಎಲ್ಲಾರೂ ಭೂತಗನ್ನಡಿ ಕೊಡ್ತಾರ, ದೊಡ್ಡಕ್ಷರದ ಝೆರಾಕ್ಸ್ ಕೊಡ್ತಾರ. ಒಳ್ಳೆ ಮನಸ್ಸಿಂದ್ಲೇ ಕೊಡೋದು, ಆದ್ರ ನೋಟ ಸುತ್ತಲಿಂದ ಸಣ್ಣ ಆಗ್ಯದ ಅಂದ್ರ ಅಕ್ಷರ ದೊಡ್ಡದು ಮಾಡಿದಷ್ಟೂ ಒಂದು ಸಲಕ್ಕೆ ಕಣ್ಣಾಗ ಬೀಳೋ ಅಕ್ಷರ ಕಮ್ಮಿ ಆಗ್ತಾವ. ಒಂದು ಪದ ಕಾಣೋ ಜಾಗದಾಗ ಎರಡಕ್ಷರ ಕಂಡ್ರ ಏನು ಓದ್ಯಾಳು? ಅಕಿಗೆ ಬೇಕಾದದ್ದು ಬೆಳಕು, ಕಪ್ಪು-ಬಿಳುಪಿನ ಫರಕು, ಸಾಲು ತಪ್ಪದಂಗ ಒಂದು ಆಸರ. ಕರೇ ಚಾರ್ಟ್ ಪೇಪರ್ ತಗೊಂಡು ಒಂದು ಸಾಲಿನಷ್ಟ ಉದ್ದಕ ಕಿಂಡಿ ಕೊರೀರಿ, ಪುಟದ ಮ್ಯಾಲಿಟ್ಟು ಸರಿಸ್ಕೋತ ಓದ್ಲಿ. ಟೈಪೋಸ್ಕೋಪ್ ಅಂತಾರ ಇದಕ್ಕ, ಖರ್ಚು ಚಾರ್ಟಿಂದಷ್ಟ. ಬಿಳಿ ಹಾಳಿ ಮ್ಯಾಲಿನ ಝಳಪು ಕಮ್ಮಿ ಆಗ್ತೈತಿ, ತಲಿನೋವು ಅರ್ಧ ಅದರಿಂದ್ಲೇ ಬರೋದು. ಮನ್ಯಾಗ ಟೇಬಲ್ ಲ್ಯಾಂಪ್ ಬೆನ್ನ ಹಿಂದಿಂದ ಪುಸ್ತಕದ ಮ್ಯಾಲ ಬೀಳಂಗಿಡ್ರಿ, ಕಣ್ಣಿಗೆ ಹೊಡೆಯಂಗ ಬ್ಯಾಡ. ಸಾಲ್ಯಾಗ ಮುಂದಿನ ಬೆಂಚು ಅಂತ ಜಿದ್ದು ಮಾಡಬ್ಯಾಡ್ರಿ, ತೀರಾ ಮುಂದ ಕುಂತ್ರ ಬೋರ್ಡಿನ ನಡುವಿನ ತುಣುಕಷ್ಟ ಕಾಣೋದು. ಒಂದೊಂದು ಸಾಲು ಹಿಂದ ಕುಂದ್ರಿಸಿ ಎಲ್ಲಿಂದ ಚಲೋ ಕಾಣ್ತೈತಿ ಅಂತ ಅಕಿನ್ನ ಕೇಳ್ರಿ.

ಇನ್ನ, ನಿಮ್ಮ ತಾಲೂಕಿನ ಶಿಕ್ಷಣ ಇಲಾಖೆಯ ಬಿಆರ್‌ಸಿ ಆಫೀಸಿನ್ಯಾಗ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರು ಇರ್ತಾರ, ನಿಮ್ಮ ಮಗಳ ಹೆಸರು ಅವರ ಲಿಸ್ಟಿನ್ಯಾಗ ಐತೇನು? ಇಲ್ಲಂದ್ರ ಹೆಡ್‌ಮಾಸ್ಟರ್ ಕಡಿಂದ ಮೊದ್ಲ ಸೇರಿಸ್ರಿ. ಸಮಗ್ರ ಶಿಕ್ಷಣ ಸ್ಕೀಮಿನ್ಯಾಗ ಬರೋ ಸಾಮಾನು, ವೈದ್ಯಕೀಯ ತಪಾಸಣಿ ಶಿಬಿರ, ಹೆಣ್ಣುಮಕ್ಕಳ ತಿಂಗಳಾ 200 ರೂಪಾಯಿ ಸ್ಟೈಪೆಂಡ್, ಎಲ್ಲಾ ಆ ಲಿಸ್ಟಿನ ಮ್ಯಾಲೇ ನಡಿಯೋದು.

ಸಿಂಧನೂರು ಕಾಲುವೆ ದಂಡಿ:
ಮೇಷ್ಟ್ರೇ, ಇಷ್ಟು ವರ್ಷ ಇದನ್ನ ಯಾರೂ ಹೇಳಿದ್ದಿಲ್ಲರಿ. ಕೋಟೆ ಸರ್, ಫೋನಿನ್ಯಾಗ ಹಾಕಿ ನೋಡಿದ್ವಿ, ವಾಟ್ಸಾಪ್ ಮೆಸೇಜು ಕನ್ನಡದಾಗ ಛಂದ ಓದ್ತದ. ಆದ್ರ ಸಮಾಜ ವಿಜ್ಞಾನದ ಪಿಡಿಎಫ್ ಇಳಿಸ್ಕಂಡು ತೆಗೆದ್ರ "ಪಿ, ಎ ಗ್ರೇವ್, ಪೌಂಡ್" ಅಂತ ಏನೇನೋ ಬಡಬಡಿಸ್ತದ, ಫೋನ್ ಹಳೇದಾಗಿ ಹಂಗ ಏನು?

ಗಂಗಾವತಿ ಭತ್ತ (ಸದ್ಯ ಬೆಂಗಳೂರು):
ಫೋನಿಂದು ತಪ್ಪಿಲ್ಲ ಅಣ್ಣ, ಫೈಲಿಂದು. ನಾನು ಸಾಫ್ಟ್‌ವೇರ್‌ನಲ್ಲಿರೋದು, ಈ ವಿಷಯಕ್ಕೆ ನಂಗೆ ಸಿಟ್ಟು ಜಾಸ್ತಿ, ಸ್ವಲ್ಪ ಉದ್ದ ಬರೀತೀನಿ ಸಹಿಸ್ಕೊಳ್ಳಿ. ಯೂನಿಕೋಡ್ (ಪ್ರತಿ ಭಾಷೆ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡೋ ಪದ್ಧತಿ) ಬರೋಕೆ ಮುಂಚೆ ನುಡಿ, ಬರಹ, ಶ್ರೀಲಿಪಿ ಥರದ ಸಾಫ್ಟ್‌ವೇರ್‌ಗಳಲ್ಲಿ ಕನ್ನಡ ಟೈಪ್ ಮಾಡ್ತಿದ್ರಲ್ಲ, ಅವು ಒಳಗೊಳಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು. ನಿಮ್ಮ ಕಣ್ಣಿಗೆ "ಕನ್ನಡ" ಅಂತ ಕಾಣೋ ಪದ ನುಡಿ ಫಾಂಟಲ್ಲಿ ಇದ್ರೆ ಕಂಪ್ಯೂಟರ್ ಒಳಗೆ ಅದು ದೊಡ್ಡ ಪಿ, ಆಮೇಲೆ ತಲೆ ಮೇಲೆ ಗೀಟಿರೋ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಚಿಹ್ನೆ, ಹಿಂಗೇ ಸಾಲಾಗಿ ಇರುತ್ತೆ. ಕಣ್ಣಿರೋರಿಗೆ ವ್ಯತ್ಯಾಸವೇ ಗೊತ್ತಾಗಲ್ಲ, ಪ್ರಿಂಟು ಸುಂದರವಾಗಿ ಬರುತ್ತೆ. ಸ್ಕ್ರೀನ್ ರೀಡರ್ ಒಳಗಿರೋದನ್ನ ಓದುತ್ತೆ, ಅದಕ್ಕೇ ನಿಮ್ಮ ಮಗಳಿಗೆ ಪೌಂಡ್ ಲೆಕ್ಕ ಕೇಳಿಸ್ತಿರೋದು. ಲಕ್ಷ ರೂಪಾಯಿ ಸ್ಕ್ರೀನ್ ರೀಡರ್ ತಂದ್ರೂ ಆ ಫೈಲನ್ನ ಹಾಗೇ ಓದೋದು.

ದಾರಿ ಎರಡಿದೆ. ವರ್ಡ್ ಫೈಲ್ ಸಿಕ್ಕಿದ್ರೆ ನುಡಿಯಿಂದ ಯೂನಿಕೋಡ್‌ಗೆ ತಿರುಗಿಸೋ ಕನ್ವರ್ಟರ್‌ಗಳು ನೆಟ್‌ನಲ್ಲಿ ಫ್ರೀ ಇವೆ, ಪೇಸ್ಟ್ ಮಾಡಿ ಬಟನ್ ಒತ್ತೋದಷ್ಟೇ. ಪಿಡಿಎಫ್ ಮಾತ್ರ ಇದ್ರೆ ಅದನ್ನ ಪಠ್ಯ ಅಂತ ನೋಡದೆ ಫೋಟೋ ಅಂತ ನೋಡ್ಬೇಕು. ಪುಟಗಳನ್ನ ಬಿಡಿಬಿಡಿ ಮಾಡಿ ಚಿತ್ರ ಮಾಡ್ಕೊಳ್ಳಿ, ಪ್ರತಿ ಚಿತ್ರ 2 ಎಂಬಿ ಒಳಗಿರ್ಲಿ, ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರ್‌ನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆದ್ರೆ ಕೆಳಗೆ ಯೂನಿಕೋಡ್ ಕನ್ನಡ ಬಂದಿರುತ್ತೆ. ಅಚ್ಚು ಚೆನ್ನಾಗಿದ್ರೆ ಬಹುಪಾಲು ಸರಿ ಬರುತ್ತೆ, ಎರಡು ಕಾಲಂ ಇರೋ ಪುಟ, ಬಾಕ್ಸಿನೊಳಗಿನ ಬರಹ, ಬಣ್ಣದ ಮೇಲಿನ ಅಕ್ಷರ ಇವು ಮಾತ್ರ ಕಲಸುಮೇಲೋಗರ. ಯಾರಾದ್ರೂ ಕಣ್ಣಿರೋರು ಒಂದ್ಸಲ ಕೂತು ತಿದ್ದಲೇಬೇಕು.

ರಾಯಚೂರು ಬಿಸಿಲು:
ಇಷ್ಟೆಲ್ಲಾ ಫೋನೇ ಓದ್ತದ ಅಂದಮ್ಯಾಲ ಚುಕ್ಕಿ ಮುಟ್ಟಿ ಓದೋ ಬ್ರೈಲ್ ಗೀಲ್ ಅಂತ ಮಕ್ಕಳ ಟೈಮ್ ಹಾಳು ಮಾಡೋದು ಬ್ಯಾಡ ಅನ್ನೋದು ನನ್ನ ಮಾತು. ನಮ್ಮ ಸಂಬಂಧಿಕರ ಹುಡುಗನ್ನ ಬ್ರೈಲ್ ಕಲೀಲಿ ಅಂತ ದೂರದ ಹಾಸ್ಟೆಲ್‌ಗಿ ಹಾಕಿದ್ರು, ಮನಿ ಬಿಟ್ಟು ಅತ್ತು ಅತ್ತು ಸಣ್ಣ ಆದ. ಈಗಿನ ಕಾಲ ಆಡಿಯೋ, ಎಐ, ಕೇಳಿದ್ರ ಮುಗೀತು.

ಬಳ್ಳಾರಿ ಕೋಟೆ:
ಬಿಸಿಲಣ್ಣ, ಹಾಸ್ಟೆಲ್ ವಿಷಯ ಬೇರೆ, ಅದನ್ನ ಒಪ್ತೀನಿ, ಮಗು ಮನೆಯಾಗಿದ್ದೇ ಓದಬೇಕು. ಆದ್ರೆ ಕೇಳಿದ್ರೆ ಮುಗೀತು ಅನ್ನೋದನ್ನ ಒಪ್ಪಲ್ಲ. ಎಲ್ಲಾ ಕಿವಿಯಾಗೇ ಕಲ್ತ ಹುಡುಗ್ರು ಬರೆದಿದ್ದನ್ನ ನೋಡಿದೀರಾ? ಶಂಕರದ ಶ, ಷಣ್ಮುಖದ ಷ ಮಷೀನು ಒಂದೇ ಥರ ಹೇಳುತ್ತೆ, ಮಹಾಪ್ರಾಣ ಅರ್ಧ ನುಂಗುತ್ತೆ, ಪಿಯುಸಿ ಮುಗಿದ್ರೂ "ಅಧ್ಯಕ್ಷ"ದಾಗೆ ಯಾವ ಒತ್ತು ಯಾವುದಕ್ಕೆ ಬರುತ್ತೆ ಗೊತ್ತಿಲ್ಲ. ನಾನು ಬೆರಳಿನಾಗೆ ಓದಿ ಕಲ್ತೋನು. ಬ್ರೈಲ್‌ನಾಗೆ ಒತ್ತಕ್ಷರ ಕೆಳಗೆ ಜೋತು ಬೀಳಲ್ಲ, ಎಲ್ಲಾ ಒಂದರ ಪಕ್ಕ ಒಂದು ಸಾಲಾಗಿ ಬರ್ತಾವೆ, ಹಂಗಾಗಿ ಕಾಗುಣಿತ ಬಿಡಿಸಿ ಬಿಡಿಸಿ ಕೈಗೆ ಸಿಗುತ್ತೆ. ಆರೇ ಚುಕ್ಕಿ. ಭಾರತಿ ಬ್ರೈಲ್ ಅಂತ 1951ರಾಗೆ ನಮ್ಮ ದೇಶದ ಭಾಷೆಗಳಿಗೆಲ್ಲಾ ಒಂದೇ ಪದ್ಧತಿ ಮಾಡಿದ್ರು, ಕನ್ನಡದ ಕ ಬರೆಯೋ ಚುಕ್ಕಿನೇ ಹಿಂದಿ ಕ, ತೆಲುಗು ಕ, ಒಂದು ಕಲ್ತ್ರೆ ಉಳಿದವು ಅರ್ಧ ಬಂದಂಗೆ. ನಮ್ಮ ಗಡಿ ಜಿಲ್ಲೆಯೋರಿಗೆ ಇದು ಕಮ್ಮಿ ಲಾಭ ಅಲ್ಲ.

ಇನ್ನ ಗಣಿತ. "ಎಕ್ಸ್ ಪ್ಲಸ್ ಟೂ ಬೈ ತ್ರೀ" ಅಂತ ಮಷೀನು ಓದಿದ್ರೆ ಭಾಗಿಸೋದು ಎರಡನ್ನೋ ಎಕ್ಸ್ ಸೇರ್ಸಿನೋ? ಕಿವಿಗೆ ಗೊತ್ತಾಗಲ್ಲ, ಬೆರಳಿಗೆ ಗೊತ್ತಾಗುತ್ತೆ. ಟೇಲರ್ ಫ್ರೇಮ್ ಅಂತ ಐತೆ, ಎಂಟು ಮೂಲೆ ತೂತಿನ ಹಲಗೆ, ಸಣ್ಣ ಸಣ್ಣ ಲೋಹದ ಮೊಳೆ, ಒಂದೇ ಮೊಳೆ ಎಂಟು ದಿಕ್ಕಿಗೆ ಕೂರುತ್ತೆ, ಉಲ್ಟಾ ಮಾಡಿದ್ರೆ ಮತ್ತೆ ಎಂಟು, ಒಟ್ಟು 16 ಗುರುತು. ಅದ್ರಾಗೆ ಲೆಕ್ಕ ಮಾಡಿದ್ರೆ ಹಿಂದಿನ ಸಾಲಿಗೆ ವಾಪಸ್ ಹೋಗಿ ಮುಟ್ಟಿ ನೋಡಬೋದು, ಕೇಳಿದ್ದು ಹಂಗೆ ನಿಲ್ಲುತ್ತಾ? ಸಿಂಧನೂರಣ್ಣ, ಮಗಳಿಗೆ ಇನ್ನೂ ಕಾಣುತ್ತೆ, ಅವಸರ ಇಲ್ಲ, ಆದ್ರೆ ಆರ್‌ಪಿ ನಿಧಾನಕ್ಕೆ ಜಾಸ್ತಿ ಆಗೋ ಜಾತಿ. ಬೆಳಕಿರೋವಾಗ್ಲೇ ಬೆರಳಿಗೂ ಅಕ್ಷರ ಕಲಿಸಿಟ್ರೆ ನಾಳೆ ಗಾಬರಿ ಇರಲ್ಲ. ಹೇಳೋಕೆ ಕಷ್ಟ, ಆದ್ರೂ ಹೇಳ್ದೆ.

ರಾಯಚೂರು ಬಿಸಿಲು:
ಗಣಿತದ ಮಾತು ಸರಿ ಅದ ಬಿಡ್ರಿ. ಆದ್ರ ಕಲಿಸೋರು ಎಲ್ಲಿದಾರ ಹಳ್ಯಾಗ? ಅದನ್ನ ಹೇಳ್ರಿ.

ಮಾನ್ವಿ ಅಕ್ಕ:
ಕಣ್ಣಿನ ನಡುವ ಕಿವಿ ತಂದೆ ಅಂತ ಬೈಬ್ಯಾಡ್ರಿ. ನನ್ನ ಮಗ 4ನೇ ಕ್ಲಾಸು, ಶಿಬಿರದಾಗ ಶ್ರವಣ ಯಂತ್ರ ಕೊಟ್ರು, ಫೋಟೋ ಹೊಡದ್ರು, ಹಾರ ಹಾಕಿದ್ರು. ಮನಿಗಿ ಬಂದು ಹಾಕಿದ್ರ ಕುಂಯ್ಯ್ ಅಂತ ಸೀಟಿ. ಸಾಲ್ಯಾಗ ಹುಡುಗ್ರು ನಗ್ತಾರ ಅಂತ ಜೇಬಿನ್ಯಾಗ ಇಟ್ಕಂಡು ಹೋಗ್ತಾನ, ಸರ್ ಕೇಳಿದ್ರ ಹಾಕ್ಕಂತಾನ. ಸೀಟಿಗಿ ಏನು ಮಾಡ್ಬೇಕು? ಬ್ಯಾಟರಿನೂ ಲಗೂನ ಖಾಲಿ ಆಗ್ತಾವ.

ಯಲಬುರ್ಗಾ ವಿಆರ್‌ಡಬ್ಲ್ಯೂ:
ಅಕ್ಕಾರ, ಯಂತ್ರ ಕೆಟ್ಟಿಲ್ಲ. ಕಿವ್ಯಾಗ ಕುಂದ್ರೋ ಮೆತ್ತಗಿನ ಅಚ್ಚು ಇರ್ತೈತಲ್ರಿ, ಇಯರ್ ಮೋಲ್ಡ್, ಅದು ಸಡ್ಲ ಆಗೈತಿ. ಹುಡುಗನ ಕಿವಿ ಬೆಳೀತೈತಿ, ಅಚ್ಚು ಬೆಳಿಯಂಗಿಲ್ಲ. ಸಂದಿನಿಂದ ಸೌಂಡ್ ಹೊರಗ ಬಂದು ತಿರುಗಿ ಮೈಕಿಗೆ ಹೋಗಿ ಸೀಟಿ ಹೊಡೀತೈತಿ. ಸೀಟಿ ನಿಲ್ಲಲಿ ಅಂತ ವಾಲ್ಯೂಮ್ ಇಳಿಸ್ತೀರಿ, ಅವಾಗ ಪಾಠ ಕೇಳಂಗಿಲ್ಲ, ಹುಡುಗ ತೆಗೆದು ಜೇಬಿಗಿ ಹಾಕ್ತಾನ. ಆಡಿಯೋಲಜಿಸ್ಟ್ ಹತ್ರ ಹೊಸ ಅಳತಿ ಕೊಟ್ಟು ಅಚ್ಚು ಮಾಡಿಸ್ರಿ, ಯಂತ್ರ ಅದೇ ನಡೀತೈತಿ. ಬ್ಯಾಟರಿ ಜಿಂಕ್ ಏರ್, ಹಿಂದಿನ ಬಣ್ಣದ ಪಟ್ಟಿ ಕಿತ್ತ ಗಳಿಗಿಗೇ ಗಾಳಿ ತಗೊಂಡು ಸುರು ಆಗ್ತೈತಿ, ಹಂಗಾಗಿ ನಾಲ್ಕೂ ಒಮ್ಮೆಲೇ ಪಟ್ಟಿ ಕಿತ್ತಿಡಬ್ಯಾಡ್ರಿ. ಕಿತ್ತಮ್ಯಾಲ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕ್ರಿ, ರಾತ್ರಿ ಬ್ಯಾಟರಿ ಬಾಗಿಲು ತೆರೆದಿಡ್ರಿ. ನಮ್ಮ ಕಡಿ ಬ್ಯಾಸಿಗ್ಯಾಗ ಬೆವರು ಸುರದು ಒಳಗ ಪಸಿ ಹಿಡೀತೈತಿ, ಹೊಸ ಚಪ್ಪಲಿ ಡಬ್ಬಿ ಒಳಗ ಸಣ್ಣ ಚೀಲ ಬರ್ತೈತಲ್ಲ ಸಿಲಿಕಾ ಜೆಲ್ಲು, ಮುಚ್ಚಳ ಗಟ್ಟಿ ಇರೋ ಡಬ್ಬಿಯೊಳಗ ಅದರ ಜೋಡಿ ಯಂತ್ರ ಇಡ್ರಿ, ಹುಡುಗನ ಕೈಗೆ ಮಾತ್ರ ಆ ಚೀಲ ಸಿಗದಂಗ ನೋಡ್ಕೋರಿ.

ಶಿಬಿರದ ಮಾತು ಬಂತು ಅಂತ ಹೇಳ್ತೀನಿ. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಎಡಿಐಪಿ ಸ್ಕೀಮು 1981ರಿಂದ ಐತಿ, ಕಾನ್ಪುರದ ಅಲಿಮ್ಕೋ ಅನ್ನೋ ಸರ್ಕಾರಿ ಕಂಪನಿಯಿಂದ ಸಾಮಾನು ಬರ್ತಾವ. ಅದರಾಗ ಒಮ್ಮೆ ತಗೊಂಡ್ರ ಅದೇ ಸಾಮಾನಿಗೆ ಮತ್ತ 3 ವರ್ಷ ಕಾಯ್ಬೇಕು, 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ. ಆದ್ದರಿಂದ ಶಿಬಿರದಾಗ ಕೊಟ್ರು ಅಂತ ಏನರ ಹಿಡ್ಕಂಡು ಬರಬ್ಯಾಡ್ರಿ, ಅಳತಿ ಸರಿ ಐತೇನು ಅಲ್ಲೇ ನೋಡ್ರಿ. ದೊಡ್ಡವರ ಗಾಲಿ ಕುರ್ಚಿ ಸಣ್ಣ ಹುಡುಗಗ ಕೊಟ್ಟು ಕಳಿಸಿರ್ತಾರ, ಕಾಲು ನೆಲಾ ಮುಟ್ಟಂಗಿಲ್ಲ ಕೈ ಗಾಲಿಗೆ ನಿಲುಕಂಗಿಲ್ಲ, ಕಡೀಕ ಅದು ಮನ್ಯಾಗ ಜ್ವಾಳದ ಚೀಲ ಇಡೋ ಕಟ್ಟಿ ಆಗಿರ್ತೈತಿ. ಇದನ್ನ ಹಳ್ಳಿಹಳ್ಳ್ಯಾಗ ನೋಡೀನಿ. ಪಂಚಾಯ್ತಿಗೊಬ್ರು ನಮ್ಮಂಥ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರ್ತಾರ, ತಾಲೂಕಿಗೊಬ್ರು ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಕೇಳ್ರಿ. ಪಂಚಾಯ್ತಿ 5% ಅನುದಾನ ಅಂಗವಿಕಲರಿಗೇ ಖರ್ಚು ಮಾಡ್ಬೇಕಂತ ಐತಿ, ಗ್ರಾಮಸಭಾದಾಗ ಎದ್ದು ನಿಂತು ಕೇಳಿದ್ರ ಅಚ್ಚಿನ ಖರ್ಚು, ಬ್ಯಾಟರಿ ಖರ್ಚು ಅಲ್ಲಿಂದ ಕೇಳಾಕ ಬರ್ತೈತಿ. ನಮ್ಮ ಗೌರವಧನದ ಕಥಿ ಇಲ್ಲಿ ಬ್ಯಾಡ.

ಕುಷ್ಟಗಿ ಸಾಲಿ ಮೇಷ್ಟ್ರು:
ಮಾನ್ವಿ ಅಕ್ಕಾರ, ಸಾಲಿ ಮೇಷ್ಟ್ರಿಗೆ ಇದನ್ನ ತೋರಿಸ್ರಿ: ಶ್ರವಣ ಯಂತ್ರ ಹಾಕಿದ್ರ ಎಲ್ಲಾ ಕೇಳ್ತೈತಿ ಅನ್ನೋದು ಸುಳ್ಳು. ಮಾತಾಡೋರು ಒಂದೆರಡು ಮೀಟರ್ ಒಳಗಿದ್ರ ಚಲೋ, ದೂರ ಎರಡ್ಪಟ್ಟು ಆದಂಗೆಲ್ಲಾ ದನಿ 6 ಡೆಸಿಬಲ್ ಇಳೀತೈತಿ, ಫ್ಯಾನು, ಬೆಂಚು ಎಳೆಯೋ ಸೌಂಡು ಮಾತ್ರ ಕಿವಿ ಹತ್ರನೇ. ತಗಡಿನ ಮಾಡು ಇದ್ರಂತೂ ಮುಗೀತು. ನಾವು ಮೇಷ್ಟ್ರುಗಳು ಬೋರ್ಡಿಗೆ ಮುಖ ಹಾಕ್ಕೊಂಡು ಬರ್ಕೋತ ಮಾತಾಡ್ತೀವಿ, ಹುಡುಗಗ ತುಟಿನೂ ಕಾಣಂಗಿಲ್ಲ. ಬರದು ಮುಗಿಸಿ ತಿರುಗಿ ಮಾತಾಡೋದಕ್ಕ ಯಾವ ಸ್ಕೀಮೂ ಬೇಕಾಗಿಲ್ಲ.

ಸಿರುಗುಪ್ಪ ಪಿಯುಸಿ:
ನಂಗೆ ಸೆರೆಬ್ರಲ್ ಪಾಲ್ಸಿ, ಬಲಗೈ ಬರಲ್ಲ, ಎಡಗೈ ನಡುಗುತ್ತೆ. ನೋಟ್ಸ್ ಎಲ್ಲಾ ಜಿಬೋರ್ಡ್ ವಾಯ್ಸ್ ಟೈಪಿಂಗ್‌ನಾಗೆ ಮಾಡ್ತೀನಿ. ಅದಕ್ಕೆ ನಮ್ಮ ಭಾಷೆ ತಿಳಿಯಲ್ಲ, "ಹೋಗ್ಯಾನ" ಅಂದ್ರೆ "ಹೋಗೇನ" ಬರೆಯುತ್ತೆ, ಹಂಗಾಗಿ ವಾರ್ತೆ ಓದೋರ ಥರ "ಹೋಗಿದ್ದಾನೆ" ಅಂತ ಮಾತಾಡಬೇಕು, ನಮ್ಮವ್ವ ಯಾವೋನಪ್ಪ ಇವನು ಅಂತ ನೋಡ್ತಾಳೆ 😂 ಎಕ್ಸಾಂಗೆ ಸ್ಕ್ರೈಬ್, ಅಂದ್ರೆ ನಾ ಹೇಳಿದ್ದನ್ನ ಬರೆಯೋರನ್ನ, ತಗೊಂಡಿದ್ದೆ. ಅಕ್ಕ ಅಣ್ಣಂದಿರಿಗೆ ಒಂದೇ ಹೇಳೋದು, ಪರ್ಮಿಷನ್ ಪೇಪರು ಅರ್ಜಿ ತುಂಬೋ ಟೈಮಿಗೇ ಹೆಡ್‌ಮಾಸ್ಟರ್ ಕೈಯಾಗೆ ಕೊಡ್ರಿ, ಹಾಲ್ ಟಿಕೆಟ್ ಬಂದ್ಮೇಲೆ ಓಡಾಡಿದ್ರೆ ಜೀವ ಹೋಗುತ್ತೆ. ಕೇಂದ್ರದ ಗೈಡ್‌ಲೈನ್‌ನಾಗೆ ಗಂಟೆಗೆ 20 ನಿಮಿಷ ಜಾಸ್ತಿ ಕೊಡಬೇಕು ಅಂತ ಐತೆ, 3 ಗಂಟೆ ಪೇಪರಿಗೆ 1 ಗಂಟೆ. ಸ್ಕ್ರೈಬ್ ಜೊತೆ ಮೊದ್ಲೇ ಕುಂತು ಅಭ್ಯಾಸ ಮಾಡ್ರಿ, ಹೇಳಿ ಬರೆಸೋದು ತಾನಾಗಿ ಬರಲ್ಲ, ಪೂರ್ಣವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿ, ಎಲ್ಲಾ ಬಾಯಾಗೇ ಹೇಳಬೇಕು. ಆಮೇಲೆ ರ‍್ಯಾಂಪ್. ಕಾಲೇಜಿನಾಗೆ ಕಟ್ಟಿದಾರೆ, ಹತ್ತೋಕೆ ಹೋದ್ರೆ ಕುರ್ಚಿ ಹಿಂದಕ್ಕೆ ಉರುಳುತ್ತೆ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಇರಬೇಕು ಅಂತ ನಿಯಮ, ನಮ್ಮದು ನಾಲ್ಕಡಿಯಾಗೇ ಮುಗಿಸಿದಾರೆ, ಬಿಲ್ ಪಾಸಾಗಿರುತ್ತೆ ಬಿಡ್ರಿ.

ಸಿಂಧನೂರು ಕಾಲುವೆ ದಂಡಿ:
ತಮ್ಮಾ, ಚಲೋ ಓದು. ಬಿಸಿಲು ಸರ್ ಕೇಳಿದ್ದಕ್ಕ: ಬಿಆರ್‌ಸಿಗಿ ಫೋನ್ ಹಚ್ಚಿದ್ದೆ, ಅಲ್ಲಿ ಮೇಡಮ್ಮೋರು ಬ್ರೈಲ್ ಸ್ಲೇಟು ಸ್ಟೈಲಸ್ ಕೊಟ್ಟು ತಾವೇ ತೋರಿಸ್ತೀನಿ, ಶನಿವಾರ ಕರ್ಕಂಡು ಬರ್ರಿ ಅಂದಾರ. ಬಲಗಡಿಂದ ಎಡಕ್ಕ ಚುಚ್ಚಬೇಕಂತ, ಹಾಳಿ ತಿರುವಿದ್ರ ಎಡಗಡಿಂದ ಓದಾಕ ಬರ್ತದಂತ, ಮಗಳಿಗಿ ಅದೇ ಮಜಾ ಅನಿಸ್ಯದ. ಕನ್ನಡಕದೋರಿಗಿ ಬ್ಯಾಡ ಅಂದೆ. ಈಗ ಉಳಿದಿದ್ದು ಪುಸ್ತಕ. ಸಮಾಜ, ವಿಜ್ಞಾನ ಎರಡರದು ಆದ್ರೂ ಸಾಕು. ನನಗ ಕಂಪ್ಯೂಟರ್ ಬರಂಗಿಲ್ಲ, ದುಡ್ಡು ಬೇಕಾದ್ರ ಕೊಡ್ತೀನಿ.

ಗಂಗಾವತಿ ಭತ್ತ (ಸದ್ಯ ಬೆಂಗಳೂರು):
ದುಡ್ಡು ಬೇಡ ಅಣ್ಣ. 2016ರ ಅಂಗವಿಕಲರ ಹಕ್ಕು ಕಾಯ್ದೆ 17ನೇ ಸೆಕ್ಷನ್ ಪ್ರಕಾರ 40% ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರೋ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಪುಕ್ಕಟೆ ಕೊಡಬೇಕಾದ್ದು ಸರ್ಕಾರದ ಕೆಲಸ, ಅದಕ್ಕೆ ಹೆಡ್‌ಮಾಸ್ಟರ್ ಮೂಲಕ ಅರ್ಜಿ ಹಾಕೇ ಹಾಕಿ, ಬಿಡಬೇಡಿ. ಸುಗಮ್ಯ ಪುಸ್ತಕಾಲಯ ಅಂತ 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಇದೆ, ಅಲ್ಲೂ ಮಗಳ ಹೆಸರು ನೋಂದಾಯಿಸಿ. ಅದೆಲ್ಲಾ ಬರೋವರೆಗೆ ಪರೀಕ್ಷೆ ಕಾಯಲ್ಲ. ಕಾಪಿರೈಟ್ ಕೇಸ್ ಆಗುತ್ತಾ ಅಂತ ಯಾರೋ ಪರ್ಸನಲ್ ಮೆಸೇಜಲ್ಲಿ ಕೇಳಿದ್ರು: ಆಗಲ್ಲ, 2012ರ ತಿದ್ದುಪಡಿಯಲ್ಲಿ ಅಂಗವಿಕಲರಿಗೆ ಓದೋಕೆ ಬರೋ ರೂಪಕ್ಕೆ ಯಾರು ಬೇಕಾದ್ರೂ ಬದಲಾಯಿಸಿ ಕೊಡಬಹುದು, ಲಾಭಕ್ಕೆ ಮಾರಬಾರದು ಅಷ್ಟೇ.

ಹಂಗಾಗಿ ಸಮಾಜ ವಿಜ್ಞಾನ ನಾನು ಒಸಿಆರ್ ಮಾಡಿ (ಮೇಲೆ ಹೇಳ್ದಂಗೆ ಚಿತ್ರದಿಂದ ಅಕ್ಷರ ತೆಗೆದು) ಪಾಠದ ಪ್ರಕಾರ ಡಾಕ್ಸ್ ಫೈಲ್ ಹಾಕ್ತೀನಿ, ತಿದ್ದೋಕೆ ಜನ ಬೇಕು. ಯಾರ್ಯಾರು?

ಕುಷ್ಟಗಿ ಸಾಲಿ ಮೇಷ್ಟ್ರು:
ಇತಿಹಾಸದ ಪಾಠ ನನಗಿರ್ಲಿ, ಹೆಂಗಿದ್ರೂ ಅದನ್ನೇ ಕಲಿಸೋದು.

ಮಾನ್ವಿ ಅಕ್ಕ:
ನನಗ ಒಂದು ಸಣ್ಣ ಪಾಠ ಕೊಡ್ರಿ, ರಾತ್ರಿ ರೊಟ್ಟಿ ಕೆಲಸ ಮುಗದಮ್ಯಾಲ ಮಾಡ್ತೀನಿ. ಫೋನಿನ್ಯಾಗ ಆಗ್ತದಲ್ಲ?

ಗಂಗಾವತಿ ಭತ್ತ (ಸದ್ಯ ಬೆಂಗಳೂರು):
ಆಗುತ್ತೆ ಅಕ್ಕ, ಪೌರನೀತಿದು ಕಳಿಸ್ತೀನಿ.

ರಾಯಚೂರು ಬಿಸಿಲು:
ಭೂಗೋಳ ನನಗ ಕಳಿಸ್ರಿ. ನಕಾಶೆಗಿ ಏನ್ ಮಾಡ್ಬೇಕು?

ಬಳ್ಳಾರಿ ಕೋಟೆ:
ನಕಾಶೆ, ಚಿತ್ರ ಬಂದಲ್ಲಿ ಬರೀ "ಚಿತ್ರ" ಅಂತ ಬರೆದು ಬಿಡಬ್ಯಾಡ್ರಿ ಎಲ್ರೂ. ಏನು ಐತೆ ಅಂತ ಎರಡು ಸಾಲು ಬರೀರಿ, "ಕೃಷ್ಣಾ ನದಿ ಪಶ್ಚಿಮದಿಂದ ಪೂರ್ವಕ್ಕೆ, ತುಂಗಭದ್ರೆ ತೆಂಕಣದಿಂದ ಬಂದು ಸೇರುತ್ತೆ" ಹಿಂಗೆ. ಗೀಟು ಮುಟ್ಟೋಕೆ ಬೇಕಂದ್ರೆ ಚಾರ್ಟಿನ ಮೇಲೆ ಫೆವಿಕಾಲ್‌ನಾಗೆ ನದಿ ಎಳೆದು ಮೇಲೆ ದಾರ ಅಂಟಿಸ್ರಿ, ಊರಿಗೆ ಹುಣಸೆಬೀಜ. ತಲೆಬರಹಗಳನ್ನ ಅಕ್ಷರ ದಪ್ಪ ಮಾಡಿ ಸುಮ್ಮನಾಗ್ಬ್ಯಾಡ್ರಿ, ಡಾಕ್ಸ್‌ನಾಗೆ ಹೆಡಿಂಗ್ ಅಂತಾನೇ ಕೊಡ್ರಿ, ಎನ್‌ವಿಡಿಎನಾಗೆ ಓದೋ ಮೋಡ್ (ಬ್ರೌಸ್ ಮೋಡ್) ಇದ್ದಾಗ ಎಚ್ ಒತ್ತಿದ್ರೆ ಒಂದೊಂದು ತಲೆಬರಹಕ್ಕೂ ಜಿಗಿಯೋಕೆ ಬರುತ್ತೆ. ಇನ್ನೊಂದು, ಪುಟದ ನಂಬರ್ ತೆಗೀಬ್ಯಾಡ್ರಿ. ಸರ್ ಕ್ಲಾಸ್ನಾಗೆ "ಪುಟ 46 ತೆಗೀರಿ" ಅಂದ್ರೆ ಅವಳೂ ಹುಡುಕಿ ಅಲ್ಲಿಗೆ ಹೋಗ್ಬೇಕು.

ರಾಯಚೂರು ಬಿಸಿಲು:
ಆಯ್ತು ಸರ್. ಫೈಲ್ ಬಂತು, 3ನೇ ಪುಟದಾಗೇ "ಜ್ವಾಲಾಮುಖಿ" ಹೋಗಿ "ಜ್ಜಾಲಾಮುಖ" ಆಗ್ಯದ, ಕೂತೆ ತಿದ್ದಾಕ.